ಇಂಗ್ಲಿಷಿನ ಭೂತಗಳು, ದೇವದುರ್ಗದ ಬಸ್ಸು

ಕಥೆ ಹೇಳುವುದು ನನಗೆ ಹುಟ್ಟಿನಿಂದ ಬಂದದ್ದು. ಇಂಗ್ಲಿಷು ಮದುವೆಯಾದ ಮೇಲೆ ಬಂದದ್ದು. ಒಂದೇ ಬಾಯಿಯಲ್ಲಿ ಇವೆರಡೂ ವಾರಗಿತ್ತಿಯರ ಹಾಗೆ ಬಹಳ ದಿನ ಮುಖ ತಿರುಗಿಸಿಕೊಂಡೇ ಇದ್ದವು. ಕನ್ನಡದಲ್ಲಾದರೆ ನಾನು ಮಾನ್ವಿಯ ಬಾವಿಕಟ್ಟೆಯ ಮೇಲೆ ನಿಂತು, ಒಂದು ಬೆಕ್ಕು ಹಾಲು ಕುಡಿದ ಸಂಗತಿಯನ್ನು ಕೊಡ ತುಂಬಿ ಚೆಲ್ಲುವ ತನಕ ಹೇಳಬಲ್ಲವಳು. ಕೇಳುತ್ತಿದ್ದವರಿಗೆ ಮನೆಯ ಒಲೆಯ ಮೇಲೆ ಅನ್ನವಿದೆ ಎಂಬುದು ಸೀದ ವಾಸನೆ ಬಂದ ಮೇಲೆಯೇ ನೆನಪಾಗುತ್ತಿತ್ತು. ಅದೇ ಬೆಕ್ಕು ಇಂಗ್ಲಿಷಿನಲ್ಲಿ ಹಾಲಿನ ಹತ್ತಿರ ಬಂತೆನ್ನಿ, ಅದು ಕುಡಿಯಿತೋ, ಕುಡಿಯುತ್ತಿತ್ತೋ, ಕುಡಿದಿದೆಯೋ, ಕುಡಿದಿತ್ತೋ ಎಂದು ನಾನು ಗೊತ್ತುಮಾಡುವಷ್ಟರಲ್ಲಿ ಹಾಲು ಮೊಸರಾಗಿರುತ್ತಿತ್ತು.

ಇದು ಯುದ್ಧದ ಕಾಲದ ಮಾತು. ನಮ್ಮಪ್ಪ ಮಾನ್ವಿಯಲ್ಲಿ ಸಂಸ್ಕೃತ ಪಾಠ ಹೇಳುವ ಪಂಡಿತರು. ನನ್ನನ್ನು ಕೊಟ್ಟದ್ದು ರಾಯಚೂರಿಗೆ. ನಮ್ಮವರು ಅಲ್ಲಿ ಹುಡುಗರಿಗೆ ಉರ್ದುವಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ನಿಜಾಮರ ಸೀಮೆಯಲ್ಲಿ ಆಗ ಹಾಗೆಯೇ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು, ದೇವರ ಮುಂದೆ ಸಂಸ್ಕೃತ, ಸ್ಟೇಷನ್ನಿನಲ್ಲಿ ಇಂಗ್ಲಿಷು. ಮನುಷ್ಯನ ನಾಲಿಗೆಗೆ ನಾಲ್ಕು ಮನೆ ಬಾಡಿಗೆ. ಮದುವೆಯ ಹೊಸತರಲ್ಲಿ ನಮ್ಮವರು ಹೊತ್ತು ಕಳೆಯಲೆಂದು ನನಗೆ ಇಂಗ್ಲಿಷ್ ಕಲಿಸಲು ಶುರು ಮಾಡಿದರು. ಬೇರೆ ಗಂಡಂದಿರು ಮಲ್ಲಿಗೆ ತರುತ್ತಿದ್ದರು, ಇವರು ಸ್ಪೆಲಿಂಗ್ ತರುತ್ತಿದ್ದರು. ನಾನೂ ಮುಡಿದುಕೊಂಡೆ.

ಹೀಗಿರುವಾಗ ಊರಿನ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಸಣ್ಣ ತರಗತಿಗಳಿಗೆ ಕಥೆ ಹೇಳಲು ಒಬ್ಬ ಬಾಯಿಯವರು, ಎಂದರೆ ಶಿಕ್ಷಕಿ, ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಕನ್ನಡದಲ್ಲಿ ಹೇಳಬೇಕು, ಇಂಗ್ಲಿಷಿನಲ್ಲೂ ಹೇಳಬೇಕು. ಅಲ್ಲಿಯವರೆಗೆ ನನ್ನ ಕಥೆ ಕೇಳಿದವರೆಲ್ಲ ನೀರಿಗೆ ಬಂದವರು, ಬೆಂಕಿ ಕೇಳಲು ಬಂದವರು, ಅರ್ಧಕ್ಕೇ ಎದ್ದು ಹೋಗುವವರು. ಕೇಳುವುದಕ್ಕೆಂದೇ ಬಂದು ಸಾಲಾಗಿ ಕೂಡುವ ಮಕ್ಕಳು, ನನಗೊಂದು ಕುರ್ಚಿ! ಬಂಗಾರದ ಪಾಟ್ಲಿ ಬಳೆಗೆ ಆಸೆಪಡುವ ವಯಸ್ಸಿನಲ್ಲಿ ನಾನು ಆ ಕುರ್ಚಿಗೆ ಆಸೆಪಟ್ಟೆ.

ದೊಡ್ಡಬಾಯಿಯವರು, ಎಂದರೆ ಆ ಸಾಲೆಯ ಮುಖ್ಯಸ್ಥೆ, ಮುಂಬಯಿ ಕಡೆಯವರು. ಕನ್ನಡ ಬಾರದು. ಕನ್ನಡಕದ ಮೇಲಿಂದ ನೋಡಿ, ನಿಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಇಂಗ್ಲಿಷಿನಲ್ಲಿ ಹೇಳಿ ಎಂದರು. ನಮ್ಮಜ್ಜಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದಾಗ ಕೋತಿ ಬಂದು ಅಟ್ಟಿಸಿಕೊಂಡು ಹೋದ ಕಥೆ ನನ್ನ ಭಂಡಾರದ ರತ್ನ. ಕನ್ನಡದಲ್ಲಿ ಹೇಳುವಾಗ, "ಅಜ್ಜಿ ಹಪ್ಪಳ ಹಾಕ್ಲಿಕತ್ತಾಳ, ಕೋತಿ ಬರ್ತದ, ಅಜ್ಜಿ ಓಡ್ತಾಳ" ಎಂದೇ ಹೇಳುವುದು. ಹಾಗೆ ಹೇಳಿದರೇ ಕೋತಿಗೆ ಜೀವ. ಅದನ್ನೇ ಇಂಗ್ಲಿಷಿಗೆ ಹೊರಳಿಸಿದೆ. ಅಜ್ಜಿ ಹಾಕುತ್ತಿದ್ದಾಳೆ, ಕೋತಿ ಬರುತ್ತಿದೆ, ಅಜ್ಜಿ ಓಡುತ್ತಿದ್ದಾಳೆ. ದೊಡ್ಡಬಾಯಿಯವರು ಒಮ್ಮೆ ಕಿಟಕಿಯ ಕಡೆ ನೋಡಿ, "ಈಗಲೂ ಓಡುತ್ತಿದ್ದಾರೆಯೇ?" ಎಂದು ಕೇಳಿದರು. ಇಲ್ಲ, ಅವರು ತೀರಿಕೊಂಡು ಬಹಳ ವರ್ಷವಾಯಿತು ಎಂದು ಹೇಳಬೇಕಾಗಿತ್ತು. "ಶಿ ಈಸ್ ಡೈಯಿಂಗ್ ಮೆನಿ ಇಯರ್ಸ್," ಎಂದೆ. ಬಹಳ ವರ್ಷಗಳಿಂದ ಸಾಯುತ್ತಲೇ ಇರುವ ನಮ್ಮಜ್ಜಿಯ ಬಗ್ಗೆ ಆ ತಾಯಿಗೆ ಎಂಥ ಕರುಣೆ ಹುಟ್ಟಿತೆಂದರೆ, ಒಳ್ಳೆಯ ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದರು. ಕೊನೆಗೆ, ಕಥೆ ಹೇಳುವ ಹುರುಪು ನಿಮ್ಮಲ್ಲಿದೆ, ಆದರೆ ನಡೆದುಹೋದದ್ದನ್ನು ನಡೆದುಹೋಯಿತೆಂದು ಹೇಳಲು ಕಲಿತು ಮುಂದಿನ ತಿಂಗಳು ಬನ್ನಿ, ಅಲ್ಲಿಯವರೆಗೆ ಜಾಗ ಹಿಡಿದಿಟ್ಟಿರುತ್ತೇನೆ, ಆಮೇಲೆ ಸಾಧ್ಯವಿಲ್ಲ ಎಂದರು.

ಮನೆಗೆ ಬಂದು ನಮ್ಮವರ ಮುಂದೆ ಕೂತೆ. ಅವರಿಗೆ ಯಾವುದನ್ನೇ ಕಲಿಸಬೇಕಾದರೂ ಉರ್ದುವಿನ ಹೊಸ್ತಿಲು ದಾಟಿಯೇ ಬರಬೇಕು.

"ನೋಡಿಲ್ಲೆ, ಆಗಿಹೋದದ್ದಕ್ಕ ಉರ್ದುದಾಗ ಮಾಜಿ ಅಂತಾರ. ಮಾಜಿ ಮುತ್ಲಕ್ ಅಂದ್ರ ಬರೇ ಆತು ಅಷ್ಟ. ಮಾಜಿ ಖರೀಬ್ ಅಂದ್ರ ಈಗ ಆಗ್ಯದ, ಕೈಯಿನ್ ಬಿಸಿ ಇನ್ನಾ ಆರಿಲ್ಲ. ಅಲ್ಲೆ 'ಹ್ಯಾವ್' ಬರ್ತದ. ಮಾಜಿ ಬಯೀದ್ ಅಂದ್ರ ಅದಕ್ಕಿಂತ ಮೊದಲ ಆಗಿತ್ತು. ಅಲ್ಲೆ 'ಹ್ಯಾಡ್'. ಈಗ ನೋಡು, ನಾ ಮನಿಗೆ ಬರೂದ್ರಾಗ ನೀ ಉಂಡಿದ್ದಿ. ಯೂ ಹ್ಯಾಡ್ ಈಟನ್."

"ನೀವು ಬರೂದ್ರಾಗ ನಾ ಎಂದಾದ್ರೂ ಉಂಡೀನೇನು?" ಎಂದೆ. "ಸುಳ್ಳು ಉದಾಹರಣಿ ಯಾಕ ಹೇಳ್ತೀರಿ?"

ನಮ್ಮ ಮನೆಯಲ್ಲಿ ಗಂಡಸರದ್ದಾದ ಮೇಲೆ ಹೆಂಗಸರ ಊಟ. ಹೀಗಾಗಿ ನನ್ನ ಹೊಟ್ಟೆಗೆ 'ಹ್ಯಾಡ್' ಎಂಬುದರ ಅನುಭವವೇ ಇರಲಿಲ್ಲ. ಕೊನೆಗೆ ಅವರೇ, "ಹಂಗಾದ್ರ ನಾಳೆ ಮೊದಲ ಉಂಡುಬಿಡು," ಎಂದರು. ಮರುದಿನ ವ್ಯಾಕರಣದ ಸಲುವಾಗಿ ನಾನು ಅವರಿಗಿಂತ ಮೊದಲು ಉಂಡೆ. ಬಿಸಿ ಅನ್ನಕ್ಕೆ ಬಿಸಿ ಸಾರು ಬಿದ್ದರೆ ಹೀಗಿರುತ್ತದೆ ಎಂದು ತಿಳಿದದ್ದು ಆವತ್ತು. ಆ ಪಾಠ ಇನ್ನೂ ಸರಿಯಾಗಿ ಬಂದಿಲ್ಲವೆಂದು ಹೇಳಿ ವಾರಗಟ್ಟಲೆ ರೂಢಿ ಮಾಡಿದೆ.

ನಡುವೆ ಹಬ್ಬಕ್ಕೆಂದು ಮಾನ್ವಿಗೆ ಹೋದಾಗ ಅಪ್ಪನ ಹತ್ತಿರ ನನ್ನ ಕಷ್ಟ ತೋಡಿಕೊಂಡೆ. ಮಗಳು ಮ್ಲೇಚ್ಛ ಭಾಷೆಗೆ ಸೋತಳೆಂದು ಅಪ್ಪನಿಗೆ ಒಳಗೊಳಗೇ ಖುಷಿ.

"ಭೂತ ಮೂರು ಅಂತ ಹೆದರ್ತೀಯೇನು ರುಕ್ಕು? ನಮ್ಮಲ್ಲೂ ಮೂರ ಅವ. ಇವತ್ತು ಆದದ್ದಕ್ಕ ಲುಙ್. ನಿನ್ನೆ ಮೊನ್ನೆ ಆದದ್ದಕ್ಕ ಲಙ್. ನಮ್ಮ ಕಣ್ಣಿಗೆ ಬೀಳದಂಗ ಆಗಿಹೋದದ್ದಕ್ಕ ಲಿಟ್. ರಾಮ ರಾವಣನ್ನ ಕೊಂದ ಅನ್ನೂದು ಲಿಟ್ಟು. ನೀ ನೋಡಿಲ್ಲ, ನಾನೂ ನೋಡಿಲ್ಲ."

"ಹಂಗಾದ್ರ ನಾ ಮಾಡಿದ ಕೆಲಸಕ್ಕ ಲಿಟ್ ಹಚ್ಚಲಿಕ್ಕೆ ಬರಂಗಿಲ್ಲ?"

"ಬರ್ತದ. ನಿದ್ದಿಗಣ್ಣಾಗ ಮಾಡಿದ್ರ, ಇಲ್ಲಾ ಕುಡದು ಮಾಡಿದ್ರ ಬರ್ತದ. ವೈಯಾಕರಣಿಗಳು ಅಷ್ಟು ಸವಲತ್ತು ಕೊಟ್ಟಾರ," ಎಂದು ಅಪ್ಪ ಹೊಟ್ಟೆ ಕುಣಿಸಿ ನಕ್ಕರು.

ನೋಡಿ, ನಮ್ಮ ಹಿರಿಯರ ಸೂಕ್ಷ್ಮ! ಕುಡುಕನಿಗೂ ಒಂದು ಕಾಲವನ್ನು ತೆಗೆದಿಟ್ಟಿದ್ದಾರೆ. ಇಂಗ್ಲಿಷಿನವರು ಇಷ್ಟು ದೊಡ್ಡ ರಾಜ್ಯ ಕಟ್ಟಿದರೂ ಈ ಔದಾರ್ಯ ತೋರಿಸಿಲ್ಲ. ಆದರೆ ಅಪ್ಪನ ಪಾಠದಿಂದ ನನಗಾದ ಲಾಭವೆಂದರೆ, ಮೂರು ಭೂತಗಳಿದ್ದಲ್ಲಿ ಆರಾದವು. ರಾಯಚೂರಿಗೆ ಮರಳಿ ಕಸ ಗುಡಿಸುವಾಗ, ರೊಟ್ಟಿ ಬಡಿಯುವಾಗ "ಗೋ ವೆಂಟ್ ಗಾನ್, ಕಮ್ ಕೇಮ್ ಕಮ್" ಎಂದು ಜಪ ಮಾಡುತ್ತಾ ತಿರುಗಿದೆ. ಪಕ್ಕದ ಮನೆಯವರು, ಇವಳು ಯಾವುದೋ ಹೊಸ ಗುರುಗಳಿಂದ ಉಪದೇಶ ತೆಗೆದುಕೊಂಡಿದ್ದಾಳೆ ಎಂದುಕೊಂಡರು. ಪರೀಕ್ಷೆಗೆ ಹೇಳಲೆಂದು ಒಂದು ಪುಟ್ಟ ಪ್ರಸಂಗವನ್ನೂ ಸಿದ್ಧಮಾಡಿದೆ: ನಾವು ದೇವಸುಗೂರಿಗೆ ಹೋದೆವು, ಹೊಳೆ ನೋಡಿದೆವು, ದೇವರ ದರ್ಶನ ಮಾಡಿದೆವು, ಬುತ್ತಿ ಉಂಡೆವು, ಬಂದೆವು. ಎಲ್ಲ 'ದೆವು'ಗಳೂ ಒಂದೇ ಎತ್ತರ, ಒಂದೇ ದಪ್ಪ. ತಪ್ಪು ಹುಡುಕಿದರೂ ಸಿಗದು. ರುಚಿ ಹುಡುಕಿದರೂ ಸಿಗದು.

ಪರೀಕ್ಷೆಯ ಹಿಂದಿನ ದಿನ ದೇವದುರ್ಗದಲ್ಲಿ ನನ್ನ ಅಕ್ಕನ ಮಗುವಿಗೆ ತೊಟ್ಟಿಲು. ಹೋಗದಿದ್ದರೆ ಅಕ್ಕ ಜನ್ಮದಲ್ಲಿ ಮಾತಾಡಿಸುವವಳಲ್ಲ. ತೊಟ್ಟಿಲು ಮುಗಿಸಿಕೊಂಡು, ಮರುದಿನ ಮುಂಜಾನೆಯ ಬಸ್ಸಿಗೆ ರಾಯಚೂರಿಗೆ ಹೊರಟೆ. ಮಧ್ಯಾಹ್ನ ಸಾಲೆಗೆ ಹೋಗಬೇಕು. ಉಟ್ಟುಕೊಳ್ಳಲು ಗಂಜಿ ಹಾಕಿದ ಬಿಳಿ ಸೀರೆಯೊಂದು ಚೀಲದಲ್ಲಿತ್ತು.

ಆಗಿನ ಬಸ್ಸುಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ದೊಡ್ಡದೊಂದು ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಹೊಗೆಯ ಬಲದಿಂದ ಓಡಿಸುತ್ತಿದ್ದರು. ಓಡುವುದೆಂದರೆ ಮಾತಿಗೆ. ಏರು ಬಂದರೆ ಗಂಡಸರು ಇಳಿದು ನಡೆಯಬೇಕು, ಇನ್ನೂ ಏರು ಬಂದರೆ ನೂಕಬೇಕು. ಡ್ರೈವರ್ ಖಾಸಿಂಸಾಬ ಇಳಿದು, ಪೀಪಾಯಿಯ ಬಾಯಿ ತೆಗೆದು ಕೋಲಿನಿಂದ ಕೆದಕಿ, ಗಾಳಿ ಹೊಡೆದು, ಅದಕ್ಕೆ ನಾಲ್ಕು ಬೈಗುಳ ಉಣಿಸಿ ಬರುತ್ತಿದ್ದ.

ನನ್ನ ಎದುರಿನ ಸೀಟಿನಲ್ಲಿ ಗೂಗಲ್ ಎಂಬ ಊರಿನ ಕಡೆಯ ಕುರಿಗಾರರ ಮನೆಯ ಇಬ್ಬರು ಹೆಂಗಸರು ಕೂತಿದ್ದರು. ಅತ್ತೆ ಬೀರವ್ವ, ಸೊಸೆ ಮಾಳವ್ವ. ಸೊಸೆಗೆ ದಿನ ತುಂಬಿತ್ತು. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದನಂತೆ.

"ಮೊದಲಿಂದು ದಕ್ಲಿಲ್ರೀ ಯವ್ವಾ," ಎಂದಳು ಬೀರವ್ವ. "ಅದಕ್ಕ ಈ ಸಲ ರಾಯಚೂರು ದವಾಖಾನಿಗೆ ಒಯ್ಯಾಕತ್ತೀನಿ. ಇನ್ನಾ ಎಂಟು ದಿನ ಅದಾವ ಅಂದಾಳ ಸೂಲಗಿತ್ತಿ."

ಸೂಲಗಿತ್ತಿಯ ಎಂಟು ದಿನಗಳನ್ನು ಆ ಬಸ್ಸು ಗಬ್ಬೂರು ದಾಟುವುದರೊಳಗೆ ಕುಲುಕಿ ಮುಗಿಸಿತು. ಮುಂದೆ ಒಂದು ಏರಿನಲ್ಲಿ ಇದ್ದಿಲು ಆರಿ ಬಸ್ಸು ನಿಂತಿತು. ಅದೇ ಹೊತ್ತಿಗೆ ಮಾಳವ್ವ ನನ್ನ ಮೊಣಕೈ ಹಿಡಿದಳು. ಹಿಡಿದದ್ದೆಂದರೆ, ಬಳೆಗಳು ಒಡೆದು ಕೈಗೆ ನಾಟಿದವು. ಬೀರವ್ವ ಒಮ್ಮೆ ಸೊಸೆಯ ಮುಖ ನೋಡಿ, ಎದ್ದು ನಿಂತು, "ಗಂಡಸ್ರೆಲ್ಲ ಇಳೀರಿ!" ಎಂದಳು. ಬಸ್ಸು ಒಂದೇ ಉಸಿರಿಗೆ ಖಾಲಿಯಾಯಿತು. ಅಷ್ಟು ದೊಡ್ಡ ದನಿಯನ್ನು ನಾನು ಯಾವ ಸಾಹೇಬರಿಂದಲೂ ಕೇಳಿಲ್ಲ.

ಇಳಿದವರಲ್ಲಿ ಯಾರೋ ತಮ್ಮ ಗಂಟಿನಿಂದ ಹೊಸ ಬ್ಲೇಡು ತೆಗೆದು ಕಿಟಕಿಯಿಂದ ಕೊಟ್ಟರು. ಖಾಸಿಂಸಾಬ ಪೀಪಾಯಿಯಿಂದ ಕೆಂಡ ಎಳೆದು ನೆಲದ ಮೇಲೆ ಹರವಿ, ಹತ್ತಿರದ ಬಾವಿಯಿಂದ ತಂದ ನೀರನ್ನು ಕೊಡದಲ್ಲಿ ಕಾಯಿಸಲಿಟ್ಟ. ಮುಖ ಆ ಕಡೆ ತಿರುಗಿಸಿಕೊಂಡೇ, "ನೀರು ಕಾಯಾಕತ್ತಾವ, ಅಂಜಬ್ಯಾಡ ತಂಗೀ, ಅಲ್ಲಾ ಅದಾನ," ಎಂದು ಕೂಗಿದ. ನನ್ನ ಬಿಳಿ ಸೀರೆ ಎರಡು ಹೋಳಾಗಿ ಒಂದು ಹಾಸಿಗೆಯಾಯಿತು, ಇನ್ನೊಂದು ಕೂಸಿಗೆಂದು ಉಳಿಯಿತು. ಮಡಿ ಮೈಲಿಗೆಯ ನೆನಪು ನನಗೆ ಬಂದದ್ದು ರಾಯಚೂರು ಮುಟ್ಟಿದ ಮೇಲೆ.

"ಇಕಿ ತಲಿ ತೊಡಿ ಮ್ಯಾಲ ಇಟ್ಕೊಂಡು ಕೈ ಹಿಡ್ಕೋರಿ, ಬಿಡಬ್ಯಾಡ್ರಿ," ಎಂದಳು ಬೀರವ್ವ.

ಮಾಳವ್ವ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಇದೂ ಹೋಗಿಬಿಡ್ತೈತೇನ್ರಿ ಯವ್ವಾ?" ಎಂದಳು. "ಏನರೆ ದೇವರ ಮಾತು ಹೇಳ್ರೀ. ನೀವು ಓದಿದವರು."

ಪಂಡಿತರ ಮಗಳು ನಾನು. ತೊಟ್ಟಿಲಿನಿಂದ ಕೇಳಿದ ಸ್ತೋತ್ರಗಳು ರಾಶಿಯಾಗಿ ಇದ್ದವು. ಒಂದಾದರೂ ಆ ಹೊತ್ತಿಗೆ ಬಾಯಿಗೆ ಬರಬೇಕೇ? ಹೆದರಿಕೆಗೆ ಒಂದು ತಿಂಗಳಿಂದ ತಿರುಗುತ್ತಿದ್ದ ಚಕ್ರವೇ ತಿರುಗಿತು: "ಗೋ ವೆಂಟ್ ಗಾನ್. ಕಮ್ ಕೇಮ್ ಕಮ್."

"ಹಾಂ, ಅದ! ಅದನ್ನ ಹೇಳ್ರಿ!" ಎಂದಳು ಮಾಳವ್ವ.

ಹೇಳಿದೆ. ನೋವು ಬಂದಾಗ ಗಟ್ಟಿಯಾಗಿ, ಹೋದಾಗ ಮೆಲ್ಲಗೆ. ಸಿಂಗ್ ಸ್ಯಾಂಗ್ ಸಂಗ್, ರೈಸ್ ರೋಸ್ ರಿಸನ್. ಒಡೆಯುವುದು, ಬೀಳುವುದು, ಕಳೆಯುವುದು ಇಂಥ ಅಪಶಕುನದ ಕ್ರಿಯಾಪದಗಳು ಬಂದಲ್ಲಿ ಹಾರಿಸಿ ಹಾರಿಸಿ ಮುಂದೆ ಹೋದೆ. ಹೊರಗೆ ಗಂಡಸರು ಬೇವಿನ ಮರದ ಕೆಳಗೆ ನಿಂತು, ಯಾವ ವೇದವೋ ಇದು ಎಂದು ಕೈ ಮುಗಿದುಕೊಂಡು ಕೇಳುತ್ತಿದ್ದರಂತೆ. ನಾನು "ಗಿವ್ ಗೇವ್" ಎನ್ನುವಾಗ ಕೂಸು ಬೀರವ್ವನ ಕೈಗೆ ಬಂತು.

ಅಳಲಿಲ್ಲ.

ನಾನೂ ನಿಲ್ಲಿಸಿದೆ. ಮಾಳವ್ವ ನನ್ನ ಕೈ ಬಿಟ್ಟು ಮುಖ ಮುಚ್ಚಿಕೊಂಡಳು. ಬೀರವ್ವ ಕೂಸಿನ ಬಾಯಿಗೆ ಬೆರಳು ಹಾಕಿ ಒರೆಸಿದಳು, ತಲೆಕೆಳಗಾಗಿ ಹಿಡಿದಳು, ಬೆನ್ನಿಗೆ ತಟ್ಟಿದಳು, ಮತ್ತೆ ತಟ್ಟಿದಳು, "ಅಳು ನಮ್ಮವ್ವಾ, ಅಳು, ಬೈಯಿ ನನಗ," ಎಂದಳು. ಆಗ ಕೂಸು ಸೀನಿತು. ಸೀನಿ, ಇಷ್ಟೊತ್ತು ತನ್ನನ್ನು ಕುಲುಕಿದ್ದಕ್ಕೆ ಖಾಸಿಂಸಾಬನ ಇಡೀ ಬಸ್ಸನ್ನು ಬೈಯುವ ಹಾಗೆ ಅಳತೊಡಗಿತು. ಹೆಣ್ಣು ಕೂಸು. ಹೊರಗೆ ಗಂಡಸರು ಹೋ ಎಂದರು. ನಾನು, ಬೀರವ್ವ, ಮಾಳವ್ವ ಮೂವರೂ ಅತ್ತೆವು. ಯಾರು ಯಾಕೆ ಅಳುತ್ತೇವೆಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಮೂವರೂ ನಕ್ಕೆವು. ಅದಕ್ಕೂ ಕಾರಣ ಗೊತ್ತಿರಲಿಲ್ಲ.

ಖಾಸಿಂಸಾಬ ಮತ್ತೆ ಬೆಂಕಿ ಹೂಡಿ ಬಸ್ಸು ಬಿಟ್ಟ. ತುಂಬಿದ ಎಣ್ಣೆಯ ಬಟ್ಟಲು ಒಯ್ಯುವವನ ಹಾಗೆ ಮೆಲ್ಲಗೆ ಒಯ್ದ. ತಾಯಿಯನ್ನು ಸೀಟುಗಳ ಮೇಲೆ ಮಲಗಿಸಿದ್ದರಿಂದ ಕೂಸು ನನ್ನ ಮಡಿಲಲ್ಲಿತ್ತು. ಅವನು ನಿಲ್ದಾಣದ ಗೋಜಿಗೇ ಹೋಗದೆ ನೇರ ದವಾಖಾನೆಯ ಬಾಗಿಲಿಗೆ ನಿಲ್ಲಿಸಿದ. ನಾನೇ ಇಳಿದು ನರ್ಸಿನ ಕೈಗೆ ಕೂಸನ್ನು ಕೊಟ್ಟೆ. ತಾಯಿ ಮಗು ಇಬ್ಬರೂ ಗಟ್ಟಿ ಇದ್ದಾರೆ ಎಂದು ಅವಳು ಹೇಳಿದ ಮೇಲೆ ಸೂರ್ಯನ ಕಡೆ ನೋಡಿದೆ. ನನ್ನ ವೇಳೆ ಮೀರಿಹೋಗಿತ್ತು!

ಟಾಂಗಾ ಮಾಡಿಕೊಂಡು ಸಾಲೆಗೆ ಹೋದೆ. ತಲೆ ಕೆದರಿದೆ, ಸೀರೆ ಮುದ್ದೆಯಾಗಿದೆ, ಮುಖದ ತುಂಬ ಇದ್ದಿಲ ಮಸಿ. ದೊಡ್ಡಬಾಯಿಯವರು ಬೀಗದ ಕೈ ಹಿಡಿದು ಎದ್ದಿದ್ದರು. ತಡವಾಯಿತಲ್ಲ ಎಂದರು. ಇಂಗ್ಲಿಷಿನ ಪರೀಕ್ಷೆ, ಇಂಗ್ಲಿಷಿನಲ್ಲೇ ಉತ್ತರ ಹೇಳಬೇಕು ಎಂಬುದೊಂದು ನನ್ನ ತಲೆಯಲ್ಲಿ ಕೂತಿತ್ತು. ಕೂಸನ್ನು ಈಗಷ್ಟೇ ಬಸ್ಸಿನಲ್ಲಿ ದವಾಖಾನೆಗೆ ಮುಟ್ಟಿಸಿ ಬಂದೆ ಎನ್ನಬೇಕು. ಟಪಾಲಿನವನು ಕಾಗದ ಮುಟ್ಟಿಸುವುದಕ್ಕೆ 'ಡೆಲಿವರ್' ಎನ್ನಬೇಕೆಂದು ನಮ್ಮವರು ಕಲಿಸಿದ್ದರು. ಕೈಯ ಬಿಸಿ ಆರದ ಕೆಲಸಕ್ಕೆ 'ಹ್ಯಾವ್'. ಎಲ್ಲವನ್ನೂ ನಿಯಮದ ಪ್ರಕಾರ ಜೋಡಿಸಿ, ಏದುಸಿರು ಬಿಡುತ್ತಾ ಹೇಳಿದೆ: "ಐ ಹ್ಯಾವ್ ಜಸ್ಟ್ ಡೆಲಿವರ್ಡ್ ಎ ಚೈಲ್ಡ್ ಇನ್ ದ ಬಸ್!"

ಎಂದರೆ, ಈಗಷ್ಟೇ ಬಸ್ಸಿನಲ್ಲಿ ಹೆತ್ತು ಬಂದಿದ್ದೇನೆ! ಇಂಗ್ಲಿಷ್ ಕಲಿತ ಲಾಗಾಯ್ತಿನಿಂದ ನಾನು ಒಂದೂ ತಪ್ಪಿಲ್ಲದೆ ಆಡಿದ ಮೊದಲ ವಾಕ್ಯ ಅದು.

ದೊಡ್ಡಬಾಯಿಯವರ ಕೈಯಿಂದ ಬೀಗದ ಕೈ ಬಿತ್ತು. ಓಡಿ ಬಂದು ನನ್ನನ್ನು ಹಿಡಿದು ಬೆಂಚಿನ ಮೇಲೆ ಮಲಗಿಸಿದರು. ಕಾಲು ಎತ್ತಿ ಇಟ್ಟರು. ಆಯಾ ಹುಸೇನಬಿಗೆ ಬಿಸಿ ಹಾಲು ತರಲು ಕೂಗಿದರು. ಏಳಲು ಹೋದೆ, ಅದುಮಿ ಮಲಗಿಸಿದರು. ನಾನು ಗಾಬರಿಯಿಂದ, "ನಾಟ್ ಮೈ ಚೈಲ್ಡ್," ಎಂದೆ. ಹಾಗಾದರೆ ಯಾರದು ಎಂದು ಅವರು ಇನ್ನೂ ಗಾಬರಿಯಾದರು. ಕೂಸಿನ ತಂದೆಯನ್ನು ನಾನು ಕಂಡವಳಲ್ಲ, ಅವನು ಕುರಿ ಕಾಯಲು ಹೋಗಿದ್ದಾನೆ ಎನ್ನಬೇಕೆಂದು ಬಾಯಿ ತೆರೆದೆ. "ಐ ಡು ನಾಟ್ ನೋ ದ ಫಾದರ್," ಎಂಬಲ್ಲಿಯವರೆಗೆ ಮಾತ್ರ ಹೇಳಲಾಯಿತು. ಆ ಸಾಧ್ವಿ ಎದೆಯ ಮೇಲೆ ಕೈ ಇಟ್ಟುಕೊಂಡು ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು.

ಹಾಲು ಹಿಡಿದುಕೊಂಡು ಬಂದ ಹುಸೇನಬಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಕೆ ಆರು ಹೆತ್ತವಳು.

"ಏನ್ರೀ ಬಾಯಾರ, ಬಸ್ಸಿನ್ಯಾಗ ಹಡದು ಟಾಂಗಾದಾಗ ಬಂದ್ರಿ? ನಿಜ ಹೇಳ್ರಿ, ಏನಾತು?"

ಕನ್ನಡ ಕೇಳಿದ ಕೂಡಲೇ ನನ್ನ ಕಟ್ಟೆ ಒಡೆಯಿತು. ನಾನು ಹೇಳಿದೆ, ಹುಸೇನಬಿ ಹಿಂದೂಸ್ತಾನಿಯಲ್ಲಿ ದಾಟಿಸಿದಳು. ದೊಡ್ಡಬಾಯಿಯವರು ಮೊದಲು ಕಣ್ಣರಳಿಸಿದರು, ಆಮೇಲೆ ಸೆರಗು ಬಾಯಿಗೆ ಹಿಡಿದರು, ಆಮೇಲೆ ಸೆರಗೂ ಸಾಲದೆ ಗೋಡೆಗೆ ಒರಗಿ ನಕ್ಕರು. ನನಗೆಂದು ತಂದ ಹಾಲನ್ನು ತಾವೇ ಕುಡಿದು ಸುಧಾರಿಸಿಕೊಂಡು, ಕಣ್ಣು ಒರೆಸಿಕೊಂಡು, ಈಗ ಇದನ್ನೇ ಇಂಗ್ಲಿಷಿನಲ್ಲಿ ಹೇಳಿ, ಅವಸರ ಬೇಡ ಎಂದರು.

ಹೇಳಿದೆ. ಬಸ್ಸು ನಿಂತಿತು. ಗಂಡಸರು ಅಷ್ಟೊತ್ತಿಗೆ ಇಳಿದಿದ್ದರು. ನೀರು ಕಾಯುತ್ತಿತ್ತು. ನಾನು ಕೈ ಹಿಡಿದಿದ್ದೆ. ಆಶ್ಚರ್ಯವೆಂದರೆ, ಒಂದು ತಿಂಗಳು ಬೆನ್ನಟ್ಟಿದರೂ ಸಿಗದ ಆ ಭೂತಗಳು ತಾವಾಗಿ ಬಂದು ತಮ್ಮ ತಮ್ಮ ಮಣೆಯ ಮೇಲೆ ಕೂತವು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ನಡೆಯುತ್ತಲೇ ಇತ್ತು ಎಂಬುದು ನನಗೆ ನಿಜವಾಗಿ ಬೇಕಾಗಿತ್ತು. ದೇವಸುಗೂರಿನ ಬುತ್ತಿಯನ್ನು ಮೊದಲು ಉಂಡರೇನು, ಆಮೇಲೆ ಉಂಡರೇನು? ಆದರೆ ಕೂಸು ಅಳುವ ಮೊದಲಿನ ಆ ಹೊತ್ತು ಅಳುವ ಮೊದಲೇ ಇರಬೇಕು, ಅತ್ತಿತ್ತ ಸರಿಯುವಂತಿಲ್ಲ. ಅಲ್ಲಿಗೆ ಬಂದಾಗ ಮಾತ್ರ ಎಲ್ಲ ಮರೆತು, "ದ ಚೈಲ್ಡ್ ಈಸ್ ಕ್ರೈಯಿಂಗ್, ಮೇಡಂ, ಶಿ ಈಸ್ ಕ್ರೈಯಿಂಗ್!" ಎಂದುಬಿಟ್ಟೆ. ತಪ್ಪು ತಿಳಿದು ನಾಲಿಗೆ ಕಚ್ಚಿಕೊಂಡೆ. ದೊಡ್ಡಬಾಯಿಯವರು ತಿದ್ದಲಿಲ್ಲ. ನಾಳೆ ಹತ್ತೂವರೆಗೆ ಬನ್ನಿ, ಮಕ್ಕಳು ಕಾಯುತ್ತಾರೆ ಎಂದರು.

ಸಂಜೆ ನಮ್ಮವರು ಬಂದರು. ಪಡಸಾಲೆಯಲ್ಲಿ ಕೂತು ಮತ್ತೆ ಮೊದಲಿನಿಂದ ಹೇಳಿದೆ. ತಂದೆ ಯಾರೋ ಗೊತ್ತಿಲ್ಲ ಎಂಬಲ್ಲಿಗೆ ಬಂದಾಗ ಅವರ ನಗುವಿಗೆ ಟೋಪಿ ಉರುಳಿ ಹೋಯಿತು. ಆಮೇಲೆ ಮೇಷ್ಟರ ಸ್ವಭಾವ ಎಲ್ಲಿ ಹೋದೀತು, ಗಂಭೀರವಾಗಿ ಪದ್ಮಾಸನ ಹಾಕಿದರು.

"ಮಾಜಿ ಮುಗೀತು. ಇವತ್ತಿಂದ ಮುಂದಿನ ಕಾಲ ಹಿಡಿಯೋಣು. ಅದು ಭಾಳ ನಾಜೂಕು ಅದ. 'ಶಲ್' ಎಲ್ಲಿ, 'ವಿಲ್' ಎಲ್ಲಿ..."

"ಅದೆಲ್ಲ ನನಗ ಬ್ಯಾಡ," ಎಂದೆ. "ನಾಳೆ ಹತ್ತೂವರಿಗೆ ನಾ ಸಾಲಿಗೆ ಹೋಗ್ತೀನಿ. ಅಷ್ಟ."

ಹೇಳಿದ ಮೇಲೆ ನನಗೇ ಆ ಮಾತು ಚೆಂದ ಕಂಡಿತು. ಪುಸ್ತಕದಲ್ಲಿ 'ಹೋಗುವೆನು' ಎಂದಿರಬಹುದು. ಮನೆಯಲ್ಲಿ ಯಾರು ಹಾಗೆನ್ನುತ್ತಾರೆ? ದಿನಾ ಬಾವಿಗೆ ಹೋಗ್ತೀನಿ, ನಾಳೆ ಸಾಲಿಗೆ ಹೋಗ್ತೀನಿ, ಬರುವ ವರ್ಷ ಕಾಶಿಗೆ ಹೋಗ್ತೀನಿ, ಎಲ್ಲಕ್ಕೂ ಒಂದೇ ಮಾತು. ಆಗಿಹೋದದ್ದಕ್ಕೆ ಲೋಕದ ಭಾಷೆಗಳೆಲ್ಲ ಎಷ್ಟು ಕೋಣೆ ಬೇಕಾದರೂ ಕಟ್ಟಿಕೊಳ್ಳಲಿ, ಇನ್ನೂ ಆಗದ್ದನ್ನು ನಾವು ಈಗಾಗಲೇ ಮನೆಯೊಳಗೆ ಕರೆದು ಕೂರಿಸಿಕೊಂಡಿದ್ದೇವೆ.

ನಮ್ಮವರು ಪಾಠ ಕೈತಪ್ಪಿದ ಬೇಸರದಲ್ಲಿ, "ಹತ್ತೂವರಿ ಅಂದ್ರ, ಮುಂಜಾನಿ ಅಡಿಗಿ ಯಾರು ಮಾಡ್ತಾರ?" ಎಂದರು.

"ನೀವು ಮಾಡ್ತೀರಿ," ಎಂದೆ.

ಅದು ಪ್ರಶ್ನೆಯೋ, ಅಪ್ಪಣೆಯೋ, ವರ್ತಮಾನವೋ, ಭವಿಷ್ಯವೋ ಎಂದು ಬಹಳ ಹೊತ್ತು ಯೋಚಿಸಿದ ಇತಿಹಾಸದ ಮೇಷ್ಟರು, ಕೊನೆಗೆ ಎದ್ದು, ಬೇಳೆಯ ಡಬ್ಬಿ ಎಲ್ಲಿದೆ ಎಂದು ನೋಡಲು ಅಡಿಗೆಮನೆಗೆ ಹೋದರು.